ಪುಕ್ಕಟೆ ನಾಯಿಗೆ ಅಡ್ವಾನ್ಸ್: ನನ್ನ ಅನುಭವ

ಹೆಸರಘಟ್ಟದ ಕಡೆ ಒಂದೇ ಮನೆಯ ಎರಡು ರೂಮಿನಲ್ಲಿ ಹನ್ನೊಂದು ನಾಯಿ ಸಿಕ್ಕಿದ್ದವು: ಐದು ಗ್ರೇಟ್ ಡೇನ್, ನಾಲ್ಕು ಸೇಂಟ್ ಬರ್ನಾರ್ಡ್, ಎರಡು ರಾಟ್‌ವೈಲರ್. ಸಾಕಿದವರು ಕೆಟ್ಟವರಲ್ಲ, ಬೇಡ ಅನ್ನಲು ಬಾರದವರು. "ಮರಿಯಾದ್ರೆ ಸರಿ, ಐದು ವರ್ಷದ ಕರುವಿನಂಥ ನಾಯೀನ ಯಾರು ತಗೋತಾರೆ ಮೇಡಂ?" ಅಂತ ಇಂಥ ನಾಯಿಗಳಿಗೆ ಮನೆ ಹುಡುಕುವ ನಮ್ಮ ಗುಂಪಿನವರೇ ನಕ್ಕರು. ಈಗ ಹತ್ತು ಹೊಸ ಮನೆ ಸೇರಿವೆ. ಹನ್ನೊಂದನೆಯದು ನನ್ನ ಮಂಚದ ಮೇಲಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲು ಎಲ್ಲರಂತೆ ನಾನೂ ಫೋಟೋ ಹಾಕಿದೆ. ಬಂದ ಫೋನಿನಲ್ಲಿ ಅರ್ಧ "ಹೆಣ್ಣಾ? ತಳಿ ಪೇಪರ್ ಇದೆಯಾ?" ಅಂತ ಮರಿ ಮಾಡಿಸಿ ಮಾರುವವರವು, ಸಂತಾನಹರಣ ಆಗಿದೆ ಅಂದ ತಕ್ಷಣ ಕಟ್. ಕನಕಪುರ ರಸ್ತೆಯ ತೋಟಕ್ಕೆ ಎರಡು ಡೇನ್ ಕೊಟ್ಟೆ. ತಿಂಗಳಾದ ಮೇಲೆ ಹೇಳದೆ ಹೋಗಿ ನೋಡಿದರೆ ಪಂಪ್‌ಸೆಟ್ ಮನೆ ಪಕ್ಕ ಸರಪಳಿ, ಎಣಿಸುವಂತಿದ್ದ ಪಕ್ಕೆಲುಬು. ಬಾಡಿಗೆ ಟಾಟಾ ಏಸ್‌ನಲ್ಲಿ ಎರಡನ್ನೂ ವಾಪಸ್ ತಂದೆ.

ಆಮೇಲೆ ನಿಯಮ ಬದಲಾಯಿಸಿದೆ. ಮೂರು ಭಾನುವಾರ ಬಂದು ವಾಕ್ ಮಾಡಿಸಬೇಕು. ನಾಲ್ಕನೆಯ ಭಾನುವಾರ ನಾನೇ ಮನೆಗೆ ತಂದು ಬಿಡುತ್ತೇನೆ. ಐದು ಸಾವಿರ ಅಡ್ವಾನ್ಸ್. ಮೂರು ತಿಂಗಳಿಗೆ ತೂಕ ಇಳಿಯದಿದ್ದರೆ ದುಡ್ಡು ವಾಪಸ್. ತೂಕ ಹಾಕುವುದು ಗುಜರಿ ಅಂಗಡಿಯಲ್ಲಿ, ಕ್ಲಿನಿಕ್ಕಿನ ತಕ್ಕಡಿ ಮೇಲೆ ಡೇನ್ ನಿಲ್ಲಬೇಕಲ್ಲ! "ಪುಕ್ಕಟೆ ನಾಯಿಗೂ ಅಡ್ವಾನ್ಸಾ?" ಅಂತ ಗೊಣಗಿದವರು ಎರಡನೆಯ ಭಾನುವಾರವೇ ನಾಪತ್ತೆ. ನನಗೆ ಬೇಕಿದ್ದದ್ದೂ ಅದೇ.

ಖರ್ಚು ಕೇಳಬೇಡಿ. ಒಂಬತ್ತಕ್ಕೆ ಉಣ್ಣಿ ಹುಳು ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ 28 ದಿನ, ಅದೂ ತೂಕದ ಲೆಕ್ಕದಲ್ಲಿ. ಬೀದಿ ನಾಯಿಗೆ ಸಾಕಾಗುವ ಮಾತ್ರೆ ಇವಕ್ಕೆ ಮೂರು ಪಟ್ಟು. ಎರಡೂವರೆ ಲಕ್ಷ ದಾಟಿದ ಮೇಲೆ ಬಿಲ್ ಕೂಡುವುದನ್ನೇ ನಿಲ್ಲಿಸಿದೆ. ಮಧ್ಯೆ ಉಳಿತಾಯ ಅಂತ ಕೋಳಿ ಅರ್ಧ ಮಾಡಿ ರಾಗಿ ಅಂಬಲಿ ಹೆಚ್ಚಿಸಿದೆ. ಮೂರು ದಿನ ಅಂಗಳ ತೊಳೆದದ್ದೇ ಬಂತು. ಅಂಬಲಿ ಕಾಲು ಭಾಗಕ್ಕಿಳಿಸಿ ಒಂದು ಸೌಟು ಮೊಸರು ಹಾಕಿದ ಮೇಲೆ ಭೇದಿ ನಿಂತಿತು.

ರೂಮು ಬಿಟ್ಟು ಹೊರಗೆ ಬಾರದ ನಾಯಿಗಳಿವು. ನುಣುಪು ಟೈಲ್ಸ್ ಕಂಡರೆ ನಡುಕ. ಯೋಗಾ ಮ್ಯಾಟ್ ಸಾಲಾಗಿ ಹಾಸಿ ದಿನಕ್ಕೊಂದು ತೆಗೆದೆ. ವೈಟ್‌ಫೀಲ್ಡಿನ ಒಂಬತ್ತನೆಯ ಮಹಡಿಗೆ ಹೋದದ್ದು ಲಿಫ್ಟಿಗೆ ಹೆದರಿ ನಾಲ್ಕೇ ದಿನಕ್ಕೆ ವಾಪಸ್ಸಾಯಿತು. ಲಿಫ್ಟ್ ಹತ್ತಿಸುವ ಉಪಾಯ ಈಗ ಗೊತ್ತಿದೆ, ನಾಯಿ ತಗೊಂಡವರಿಗೆ ಮಾತ್ರ ಹೇಳಿಕೊಡುತ್ತೇನೆ. ಸೇಂಟ್ ಬರ್ನಾರ್ಡ್‌ಗೆ ಎಸಿ ಬೇಕೇ ಬೇಕು ಅಂದವರಿದ್ದರು. ಬಸವನಗುಡಿಯ ಹಳೇ ಮನೆಯೊಂದರ ಕೆಂಪು ಗಾರೆ ನೆಲ, ಒದ್ದೆ ಗೋಣಿಚೀಲ, ಬೇಸಿಗೆ ಕಳೆಯಿತು.

ಹೆಚ್ಚು ಕಾಡಿದ್ದು ರಾಟ್‌ವೈಲರ್. ಅದೂ ಸೇರಿ 23 ತಳಿ ನಿಷೇಧಿಸುವ ಕೇಂದ್ರದ ಸುತ್ತೋಲೆ 2024ರ ಮಾರ್ಚ್‌ನಲ್ಲಿ ಬಂತು, ಏಪ್ರಿಲ್‌ನಲ್ಲೇ ನಮ್ಮ ಹೈಕೋರ್ಟ್ ರದ್ದು ಮಾಡಿತು. ಅಪಾರ್ಟ್‌ಮೆಂಟ್ ಅಂಕಲ್‌ಗಳ ವಾಟ್ಸಾಪ್‌ಗೆ ತಲುಪಿದ್ದು ಮಾರ್ಚ್‌ನ ಸುತ್ತೋಲೆ ಮಾತ್ರ. ಹೈಕೋರ್ಟ್ ಆದೇಶದ ಪ್ರತಿ ಬ್ಯಾಗಿನಲ್ಲಿಟ್ಟುಕೊಂಡೇ ತಿರುಗಿದೆ. ಎರಡನ್ನೂ ಕೊನೆಗೆ ಯಲಹಂಕದ ಒಬ್ಬ ಟೀಚರ್ ತಗೊಂಡರು.

ಮೊನ್ನೆ ತೂಕಕ್ಕೆ ಬಂದ ಡೇನ್ ನನ್ನನ್ನು ನೋಡಿದ್ದೇ ತನ್ನ ಮನೆಯವರ ಬೆನ್ನ ಹಿಂದೆ ಅವಿತಿತು, ಎಲ್ಲಿ ವಾಪಸ್ ಕರೆದುಕೊಂಡು ಹೋಗುತ್ತಾಳೋ ಅಂತ. 54 ಕೆಜಿ. ಐದು ಸಾವಿರ ಎಣಿಸಿ ಕೊಟ್ಟೆ.