ಪೈಥಾನ್‌ನಲ್ಲಿ ಕನ್ನಡ ಪದಗಳ ಎಣಿಕೆ ತಪ್ಪಾಗುತ್ತಿದ್ದರೆ

ಒಂದು ಬರಹದಲ್ಲಿ ಎಷ್ಟು ಬೇರೆ ಬೇರೆ ಪದಗಳಿವೆ ಎಂದು ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ) ಬಳಸಿ ಅಳೆಯಬೇಕಿತ್ತು. ಒಟ್ಟು ಪದಗಳ ಲೆಕ್ಕ ಕೈಯಲ್ಲಿ ಎಣಿಸಿದ್ದಕ್ಕಿಂತ ತುಂಬಾ ಜಾಸ್ತಿ ಬರುತ್ತಿತ್ತು. ಪಟ್ಟಿ ತೆಗೆದು ನೋಡಿದರೆ ‘ಮನೆಯಲ್ಲಿ’ ಅನ್ನೋದು ‘ಮನ’, ‘ಯಲ’, ‘ಲ’ ಎಂದು ಮೂರು ತುಂಡಾಗಿತ್ತು!

ಫಾಂಟ್ ಬದಲಿಸಿದೆ, ಫೈಲನ್ನು ಯುಟಿಎಫ್-8ರಲ್ಲಿ ಮತ್ತೆ ಉಳಿಸಿದೆ. ಎರಡೂ ದಂಡ. ಬರೀ ಸ್ಪೇಸ್ ನೋಡಿ ಒಡೆದರೆ ‘ಬಂದ’ ಮತ್ತು ‘ಬಂದ,’ ಎರಡು ಪದಗಳಾದವು.

ತಪ್ಪು ಇದ್ದದ್ದು ಪದ ಹುಡುಕುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ ಗುರುತಿನಲ್ಲಿ. ಪೈಥಾನ್‌ನ ‘ಆರ್‌ಇ’ ಮಾಡ್ಯೂಲ್ ಗುಣಿತದ ಚಿಹ್ನೆಗಳನ್ನೂ ವಿರಾಮವನ್ನೂ (ಒತ್ತಕ್ಷರ ಮೂಡಿಸುವ ್ ಗುರುತು) ಅಕ್ಷರ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಅಲ್ಲಲ್ಲೇ ಪದ ಕತ್ತರಿಸುತ್ತದೆ.

ಸರಿಹೋದ ಕ್ರಮ ಹೀಗಿದೆ, ಹಿಂದೆಮುಂದೆ ಮಾಡಬೇಡಿ. ಮೊದಲು ಕಣ್ಣಿಗೆ ಕಾಣದ ಗುರುತುಗಳಾದ 200ಸಿ, 200ಡಿ (ಇವು ಯೂನಿಕೋಡ್ ಸಂಖ್ಯೆಗಳು) ತೆಗೆಯಿರಿ. ಇಲ್ಲದಿದ್ದರೆ ನೋಡಲು ಒಂದೇ ಇರುವ ಪದ ಎರಡಾಗಿ ಬೀಳುತ್ತದೆ. ಆಮೇಲೆ ‘ಯೂನಿಕೋಡ್‌ಡೇಟಾ’ದಿಂದ ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದೇ ಮಾಡುವುದು) ಮಾಡಿ; ‘ಕೊ’ ಎರಡು ಚಿಹ್ನೆಯಲ್ಲಿ ಟೈಪ್ ಆಗಿದ್ದರೆ ಒಂದಾಗುತ್ತದೆ. ನಂತರ ಕನ್ನಡದ ಯೂನಿಕೋಡ್ ಸಂಖ್ಯೆಗಳಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಗುರುತುಗಳು ಬಿಡದೆ ಸಾಲಾಗಿ ಬಂದರೆ ಅದನ್ನು ಒಂದು ಪದವೆಂದು ಹಿಡಿಯಿರಿ.

ಪದಗಳ ವೈವಿಧ್ಯ ಅಳೆಯಲು ಇಡೀ ಬರಹದ ಅನುಪಾತ (ಬೇರೆ ಬೇರೆ ಪದಗಳನ್ನು ಒಟ್ಟು ಪದಗಳಿಂದ ಭಾಗಿಸಿದ್ದು) ಬೇಡ. ಬರಹ ಉದ್ದವಾದಷ್ಟೂ ಅದು ಸುಮ್ನೆ ಇಳಿಯುತ್ತದೆ. 1ರಿಂದ 100ನೇ ಪದ, 2ರಿಂದ 101, ಹೀಗೆ ಸರಿಸುತ್ತಾ ಪ್ರತಿ ಕಿಟಕಿಯ (ಅಂದರೆ ನೂರು ಪದಗಳ ತುಂಡಿನ) ಅನುಪಾತದ ಸರಾಸರಿ ತೆಗೆಯಿರಿ. ‘ಮನೆ’, ‘ಮನೆಗೆ’, ‘ಮನೆಯಿಂದ’ ಇಲ್ಲಿ ಮೂರು ಪದಗಳೇ, ಆದ್ದರಿಂದ ಇಂಗ್ಲಿಷ್ ಬರಹದ ಅಂಕದ ಜೊತೆ ಹೋಲಿಸಬೇಡಿ.