ಇಗ್ನಿಷನ್ ಸ್ವಿಚ್ ಕೈಕೊಟ್ಟಾಗ ಲಾಕ್ ಸೆಟ್ ಬದಲಿಸುವ ಮೊದಲು: ನನ್ನ ಅನುಭವ

ಬಳ್ಳಾರಿ ಕಡೆ ಕಾರು ಸ್ಟಾರ್ಟ್ ಆಗದೆ ನಿಂತರೆ ಮೊದಲು ಬರುವ ಮಾತು, "ಇಗ್ನಿಷನ್ ಹೋಗಿದೆ, ಲಾಕ್ ಸೆಟ್ ಪೂರ್ತಿ ಹಾಕಬೇಕು" ಅಂತ. ಸೆಟ್ ಅಂದರೆ ಸ್ಟೇರಿಂಗ್ ಲಾಕು, ಬಾಗಿಲ ಲಾಕುಗಳು, ಹೊಸ ಚಾವಿ. ಚಾವಿಯಲ್ಲಿ ಚಿಪ್ ಇದ್ದರೆ ಪ್ರೋಗ್ರಾಮಿಂಗ್ ಖರ್ಚು ಬೇರೆ. ಅಷ್ಟು ದುಡ್ಡು ಸುರಿಯುವ ಮೊದಲು ವೋಲ್ಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ಹಿಡಿದು ನೋಡಿದರೆ ದೋಷ ಎಲ್ಲಿದೆ ಅನ್ನುವುದು ಸಿಕ್ಕಿಬಿಡುತ್ತದೆ.

ನಾನು ಸ್ವಿಚ್ ಮುಟ್ಟುವುದು ಕೊನೆಗೆ, ಬ್ಯಾಟರಿ ನೋಡುವುದು ಮೊದಲಿಗೆ. ನಮ್ಮ ಬಿಸಿಲಿಗೆ ಬ್ಯಾಟರಿ ಬೇಗ ಸಾಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ಬಿಗಿದುಕೊಂಡು ಹೆಚ್ಚು ಕರೆಂಟ್ ಎಳೆಯುತ್ತಿದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಮೊದಲು ನೆಗೆಟಿವ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಬೇಕು.

ಮುಂದೆ ಅರ್ಥಿಂಗ್, ಅಂದರೆ ಎಂಜಿನ್ ಮತ್ತು ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆಸಿ. 0.3 ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ ಕೆಟ್ಟಿದೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಮತ್ತು ಎಣ್ಣೆ ಕೂಡಿ ಈ ಪಟ್ಟಿಯ ಬೋಲ್ಟನ್ನೇ ಮುಚ್ಚಿಬಿಟ್ಟಿರುತ್ತವೆ. ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಬಿಗಿದರೆ ಎಷ್ಟೋ ಗಾಡಿ ಅಲ್ಲೇ ಸರಿಹೋಗುತ್ತವೆ.

ಇಷ್ಟು ಸರಿಯಿದ್ದೂ ಸೆಲ್ಫ್ ತಿರುಗದಿದ್ದರೆ, ಸೆಲ್ಫ್ ಮೋಟರಿಗೆ ಕರೆಂಟ್ ಕೂಡಿಸುವ ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರಿನಲ್ಲಿ (ಬಹಳ ಗಾಡಿಗಳಲ್ಲಿ 50 ಅಂತ ಗುರುತು) ಚಾವಿ ಸ್ಟಾರ್ಟ್‌ಗೆ ತಿರುವಿದಾಗ ಕರೆಂಟ್ ಬರುತ್ತಿದೆಯೇ ನೋಡಿ. ಬಂದರೂ ತಿರುಗದಿದ್ದರೆ ದೋಷ ಸೆಲ್ಫಿನದು. ಬರದಿದ್ದರೆ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ನೋಡಿ; ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದನ್ನೇ ತೆಗೆದು ಹಾಕಿ ಪರೀಕ್ಷಿಸಬಹುದು. ಕೆಲವು ಗಾಡಿಗಳಲ್ಲಿ ಕ್ಲಚ್ ಪೆಡಲಿನ ಸ್ವಿಚ್ಚೂ ಇದೇ ದಾರಿಯಲ್ಲಿದೆ. ಇವೆಲ್ಲ ದಾಟಿದ ಮೇಲೆ ಇಗ್ನಿಷನ್ ಸ್ವಿಚ್‌ನ ಸರದಿ.

ಇಲ್ಲಿ ಗಿರಾಕಿಗೆ ಯಾರೂ ಬಿಡಿಸಿ ಹೇಳದ ವಿಷಯ ಒಂದಿದೆ. ಚಾವಿ ಹಾಕುವ ಲಾಕು ಬೇರೆ, ಅದರ ಹಿಂದೆ ಕೂತಿರುವ ಪ್ಲಾಸ್ಟಿಕ್ಕಿನ ಕಾಂಟ್ಯಾಕ್ಟ್ ಸ್ವಿಚ್ ಬೇರೆ. ಬಹಳ ಮಾಡೆಲ್‌ಗಳಲ್ಲಿ ಆ ಹಿಂದಿನ ಭಾಗ ಬಿಡಿಯಾಗಿ ಸಿಗುತ್ತದೆ, ಒಂದೆರಡು ಸ್ಕ್ರೂಗಳಲ್ಲಿ ಬಿಚ್ಚಿ ಬರುತ್ತದೆ, ಬೆಲೆಯೂ ಸೆಟ್ಟಿನ ಬೆಲೆಯ ಸಣ್ಣ ಪಾಲು. ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತಿ, ಚಾವಿ ಬಿಟ್ಟ ಕೂಡಲೇ ನಿಂತುಹೋದರೆ, ಇಲ್ಲವೇ ಹಂಪ್ ಹಾರಿಸಿದಾಗ ಮೀಟರ್ ದೀಪಗಳೆಲ್ಲ ಆರಿ, ಚಾವಿ ಅಲ್ಲಾಡಿಸಿದರೆ ಮತ್ತೆ ಹತ್ತಿದರೆ, ಹೆಚ್ಚಾಗಿ ಸುಟ್ಟಿರುವುದು ಈ ಕಾಂಟ್ಯಾಕ್ಟೇ. ಖಾತ್ರಿಗೆ ಚಾವಿ ಆನ್ ಮಾಡಿ, ಫ್ಯಾನ್ ಹಾಕಿ, ಸ್ವಿಚ್ಚಿಗೆ ಬರುವ ವೈರ್ ಮತ್ತು ಹೊರಡುವ ವೈರಿನ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬದಲಿಸಿ. ಬಿಚ್ಚಿದ ಸ್ವಿಚ್ಚಿನ ಕನೆಕ್ಟರ್ ಪಿನ್ ಸುತ್ತ ಪ್ಲಾಸ್ಟಿಕ್ ಕಂದಿ ಕರಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಹಾಗಿದ್ದರೆ ಕನೆಕ್ಟರನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಸ್ವಿಚ್ಚೂ ಅಲ್ಲೇ ಬಿಸಿಯಾಗಿ ಸುಡುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಬ್ಯಾಟರಿ ನೆಗೆಟಿವ್ ತೆಗೆದು, ಕೆಲವು ನಿಮಿಷ ಬಿಟ್ಟೇ ಸ್ಟೇರಿಂಗ್ ಕವರಿಗೆ ಕೈ ಹಾಕಿ.

ಸುಡುವುದಕ್ಕೆ ಕಾರಣ ಬಹಳ ಸಲ ಹೊರಗಿಂದ ಸೇರಿಸಿದ ವೈರಿಂಗ್. ಫಾಗ್ ಲ್ಯಾಂಪು, ಜೋರು ಹಾರ್ನು, ಆಂಪ್ಲಿಫೈಯರ್ ಎಲ್ಲದಕ್ಕೂ ಚಾವಿಯ ವೈರಿನಿಂದಲೇ ಕರೆಂಟ್ ಕದ್ದಿರುತ್ತಾರೆ. ಅದರ ಬದಲು 40 ಆಂಪಿಯರ್ ರಿಲೇ ಹಾಕಿ. ಅದರ ಪಿನ್‌ಗಳ ಮೇಲೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಕರೆಂಟ್, 87ರಿಂದ ಲೈಟಿಗೆ, 86ಕ್ಕೆ ಚಾವಿಯ ವೈರ್, 85 ಅರ್ಥಿಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಆಗ ಸ್ವಿಚ್ಚಿನ ಮೇಲೆ ಬೀಳುವುದು ರಿಲೇ ಕಾಯಿಲಿನ ಅತಿ ಸಣ್ಣ ಹೊರೆ ಮಾತ್ರ.

ಚಾವಿ ತಿರುಗುವುದೇ ಇಲ್ಲ ಅಂದರೆ ಅದು ಲಾಕಿನ ಮಾತು. ಮೊದಲು ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪ ಅಲ್ಲಾಡಿಸುತ್ತಾ ತಿರುವಿ. ಚಕ್ರದ ಒತ್ತಡಕ್ಕೆ ಲಾಕು ಹಿಡಿದುಕೊಂಡಿರಬಹುದು. ಸವೆಯದ ಎರಡನೇ ಚಾವಿಯಲ್ಲಿ ಸಲೀಸಾಗಿ ತಿರುಗಿದರೆ ಲಾಕು ಬದಲಿಸುವುದು ಬೇಡ, ಅದನ್ನೇ ನೋಡಿ ಹೊಸ ಚಾವಿ ಕೊರೆಸಿ. ಲಾಕಿಗೆ ಎಂಜಿನ್ ಆಯಿಲ್ ಬಿಡಲೇಬೇಡಿ. ಧೂಳು ಅದಕ್ಕಂಟಿ, ಗಟ್ಟಿಯಾಗಿ, ಒಳಗಿನ ಪಿನ್ನುಗಳನ್ನು ಹಿಡಿದುಬಿಡುತ್ತದೆ. ಗ್ರಾಫೈಟ್ ಪುಡಿ ಸಾಕು.

ಲಾಕು ಬದಲಿಸಲೇಬೇಕಾದರೆ ಖರ್ಚು ಬರೆದುಕೊಡಲು ಕೇಳಿ, ಹಳೇ ಸಾಮಾನು ವಾಪಸ್ ತೆಗೆದುಕೊಳ್ಳಿ. ಇಮೊಬಿಲೈಸರ್ (ಚಾವಿಯ ಚಿಪ್ ಗುರುತಿಸದೆ ಎಂಜಿನ್ ಹತ್ತಲು ಬಿಡದ ವ್ಯವಸ್ಥೆ) ಇದ್ದರೆ ಹಳೇ ಚಾವಿ ಎಸೆಯಬೇಡಿ: ಅದರ ತಲೆಯೊಳಗಿನ ಚಿಪ್ ತೆಗೆದು ಹೊಸ ಚಾವಿಯಲ್ಲಿ ಕೂರಿಸಲು ಬಂದರೆ ಪ್ರೋಗ್ರಾಮಿಂಗ್ ಖರ್ಚು ಉಳಿಯುತ್ತದೆ.