ರೀಪರ್ ಅಪ್‌ಡೇಟ್ ಆದಮೇಲೆ ಹಳೇ ಪ್ರಾಜೆಕ್ಟ್ ತೆರೆಯದಿದ್ದಾಗ (ನನ್ನ ಅನುಭವ)

ವಿಂಡೋಸ್‌ನಲ್ಲಿ ರೀಪರ್ (ಆಡಿಯೋ ರೆಕಾರ್ಡಿಂಗ್, ಮಿಕ್ಸಿಂಗ್ ಸಾಫ್ಟ್‌ವೇರ್) 6ನೇ ಆವೃತ್ತಿಯಿಂದ 7ಕ್ಕೆ ಹೋದ ಮೇಲೆ ಹಳೇ ಪ್ರಾಜೆಕ್ಟ್ ಒಂದು ಅರ್ಧ ಲೋಡ್ ಆಗಿ ನಿಂತುಬಿಡುತ್ತಿತ್ತು. ಹೊಸ ಪ್ರಾಜೆಕ್ಟ್‌ಗಳಿಗೆ ಏನೂ ತೊಂದರೆ ಇರಲಿಲ್ಲ.

ಆಡಿಯೋ ಬಫರ್ (ಒಂದು ಸಲಕ್ಕೆ ಸಂಸ್ಕರಿಸುವ ಸ್ಯಾಂಪಲ್‌ಗಳ ಸಂಖ್ಯೆ) 256ರಿಂದ 1024 ಮಾಡಿದೆ, ಪ್ರಯೋಜನ ಇಲ್ಲ. ಪ್ಲಗಿನ್‌ಗಳ (ರೀಪರ್ ಒಳಗೆ ಬಳಸುವ ಎಫೆಕ್ಟ್, ವಾದ್ಯಗಳ ಸಣ್ಣ ಸಾಫ್ಟ್‌ವೇರ್) ಕ್ಯಾಶ್, ಅಂದ್ರೆ ರೀಪರ್ ಉಳಿಸಿಕೊಂಡ ಪಟ್ಟಿ, ಅಳಿಸಿ ರೀಸ್ಕ್ಯಾನ್ ಮಾಡಿದೆ. ಎರಡು ಸಲ ರೀಇನ್‌ಸ್ಟಾಲ್ ಕೂಡ. ಸುಮ್ನೆ ಟೈಮ್ ವೇಸ್ಟ್, ಯಾಕಂದ್ರೆ ತಕರಾರು ಇದ್ದದ್ದು ವರ್ಷಗಳಿಂದ ಅಪ್‌ಡೇಟ್ ಕಾಣದ ಒಂದು ಪ್ಲಗಿನ್‌ನಲ್ಲಿ.

ಕೆಲಸ ಮಾಡಿದ್ದು ಪೋರ್ಟಬಲ್ ಇನ್‌ಸ್ಟಾಲ್, ಅಂದ್ರೆ 7ನ್ನು ಮುಟ್ಟದೆ ಬೇರೆ ಫೋಲ್ಡರ್‌ನಲ್ಲಿ ಹಳೇ ರೀಪರನ್ನೂ ಇಟ್ಟುಕೊಳ್ಳುವುದು. ರೀಪರ್ ಸೈಟಿನಲ್ಲಿ ಹಳೇ ಆವೃತ್ತಿಗಳೆಲ್ಲ ಸಿಗುತ್ತವೆ, ಅಲ್ಲಿಂದ 6.83 ಇಳಿಸಿಕೊಂಡೆ. ಇನ್‌ಸ್ಟಾಲರ್ ಫೋಲ್ಡರ್ ಕೇಳುವ ಹಂತದಲ್ಲಿ 'ಪೋರ್ಟಬಲ್ ಇನ್‌ಸ್ಟಾಲ್' ಟಿಕ್ ಮಾಡಿ, ಪ್ರೋಗ್ರಾಂ ಫೈಲ್ಸ್ ಬಿಟ್ಟು ಬೇರೆ ಫೋಲ್ಡರ್ ಕೊಡಬೇಕು, ಉದಾಹರಣೆಗೆ ಡಿ ಡ್ರೈವ್‌ನಲ್ಲಿ 'ರೀಪರ್6'. ಸೆಟ್ಟಿಂಗ್ಸ್ ಎಲ್ಲ ಆ ಫೋಲ್ಡರ್ ಒಳಗೇ ಉಳಿಯುತ್ತವೆ, 7ರ ಜೊತೆ ಬೆರೆಯುವುದಿಲ್ಲ. ಆಮೇಲೆ ಎರಡರಲ್ಲೂ ಪ್ರಿಫರೆನ್ಸಸ್, ಜನರಲ್‌ಗೆ ಹೋಗಿ, ಶುರುವಾದಾಗ ಹೊಸ ಆವೃತ್ತಿ ಹುಡುಕುವ ಟಿಕ್ ತೆಗೆದೆ.

ಹಳೇ ಪ್ರಾಜೆಕ್ಟನ್ನು 6ರಲ್ಲಿ ತೆರೆದು, ಆ ಪ್ಲಗಿನ್ ಇದ್ದ ಟ್ರ್ಯಾಕನ್ನು ಸ್ಟೆಮ್ ಆಗಿ (ಪ್ಲಗಿನ್‌ನ ಸದ್ದು ಸೇರಿದ ಆಡಿಯೋ ಆಗಿ, ಹೊಸ ಟ್ರ್ಯಾಕಿನಲ್ಲಿ) ರೆಂಡರ್ ಮಾಡಿ, ಮೂಲ ಟ್ರ್ಯಾಕಿನಿಂದ ಪ್ಲಗಿನ್ ತೆಗೆದು ಮ್ಯೂಟ್ ಮಾಡಿದೆ. ನಂತರ ಬೇರೆ ಹೆಸರಿನಲ್ಲಿ 'ಸೇವ್ ಆಸ್', 'ಮೀಡಿಯಾ ಎಲ್ಲ ಪ್ರಾಜೆಕ್ಟ್ ಫೋಲ್ಡರ್‌ಗೆ ಕಾಪಿ' ಟಿಕ್ ಹಾಕಿಯೇ. ಈ ಕಾಪಿ 7ರಲ್ಲಿ ಸಲೀಸಾಗಿ ತೆರೆಯಿತು.

ಒಂದು ಮಾತು: ಪ್ಲಗಿನ್‌ಗಳು ಪೋರ್ಟಬಲ್ ಫೋಲ್ಡರ್ ಒಳಗೆ ಬರುವುದಿಲ್ಲ, ಅವು ಎರಡಕ್ಕೂ ಒಂದೇ. ಹಾಗಾಗಿ ಪ್ಲಗಿನ್ ಇನ್‌ಸ್ಟಾಲರ್‌ಗಳನ್ನೂ ಎತ್ತಿಟ್ಟುಕೊಳ್ಳಿ, ಮುಖ್ಯವಾಗಿ ಈಗ ಎಲ್ಲೂ ಸಿಗದಂಥವನ್ನು.